ದುಬೈ ಶಾಲೆಯ ಕೆಲಸ: ಸಹಿ ಹಾಕುವ ಮುಂಚೆ ನೋಡಬೇಕಾದದ್ದು

ಡಿಸೆಂಬರ್ ಬಂತೆಂದರೆ ಮಂಗಳೂರು, ಉಡುಪಿ, ಬೆಂಗಳೂರಿನ ಖಾಸಗಿ ಶಾಲೆಗಳ ಸ್ಟಾಫ್ ರೂಮುಗಳಲ್ಲಿ ಗಲ್ಫ್ ಸಂದರ್ಶನದ ಮಾತು ಶುರುವಾಗುತ್ತದೆ. ಯುಎಇಯಲ್ಲಿರುವ ಸಿಬಿಎಸ್‌ಇ ಶಾಲೆಗಳ ಹೊಸ ವರ್ಷ ಏಪ್ರಿಲ್‌ನಲ್ಲಿ ತೆರೆಯುತ್ತದೆ, ಅದಕ್ಕೆ ಶಿಕ್ಷಕರ ಹುಡುಕಾಟ ಚಳಿಗಾಲದಲ್ಲೇ ನಡೆಯುತ್ತದೆ. ಬ್ರಿಟಿಷ್, ಅಮೆರಿಕನ್ ಮತ್ತು ಐಬಿ ಶಾಲೆಗಳು ಆಗಸ್ಟ್ ಕೊನೆಗೆ ಆರಂಭವಾಗುತ್ತವೆ. ಅಲ್ಲಿಗೆ ಹೋಗಬೇಕೆಂದಿದ್ದರೆ ಹಿಂದಿನ ನವೆಂಬರ್‌ನಿಂದಲೇ ಅರ್ಜಿ ಹಾಕುತ್ತಿರಬೇಕು.

ಸಂಬಳದ ಮೇಲೆ ಅಲ್ಲಿ ಆದಾಯ ತೆರಿಗೆ ಇಲ್ಲ. 1997ರಿಂದ ಒಂದು ಡಾಲರ್‌ಗೆ 3.6725 ದಿರ್ಹಂ ಎಂಬ ದರ ಗಟ್ಟಿಯಾಗಿ ನಿಂತಿರುವುದರಿಂದ, ಡಾಲರ್ ಎದುರು ರೂಪಾಯಿ ಇಳಿದಾಗಲೆಲ್ಲ ಊರಿಗೆ ಕಳಿಸುವ ಹಣ ಹೆಚ್ಚುತ್ತದೆ. ಆಸೆ ಹುಟ್ಟುವುದು ಸಹಜ. ಆದರೆ ಹೋಗಿ ಕಷ್ಟಕ್ಕೆ ಸಿಕ್ಕಿದವರ ಮಾತು ಕೇಳಿ ನೋಡಿ: ಓದದೆ ಸಹಿ ಹಾಕಿದ ಕಾಗದ, ಸಂಕೋಚದಿಂದ ಕೇಳದೆ ಬಿಟ್ಟ ಪ್ರಶ್ನೆ, ಇಂಥದ್ದರಲ್ಲೇ ತೊಂದರೆಯ ಬೇರು ಇರುತ್ತದೆ. ಶಾಲೆಗೆ ನಿಮ್ಮ ಅಗತ್ಯವಿದ್ದು ನೀವಿನ್ನೂ ಸಹಿ ಹಾಕಿಲ್ಲದ ಆ ಕೆಲವು ವಾರಗಳಲ್ಲಿ ನಿಮ್ಮ ಮಾತಿಗೆ ಇರುವಷ್ಟು ಬೆಲೆ ಮುಂದೆಂದೂ ಇರುವುದಿಲ್ಲ. ಅದಕ್ಕೇ ಈ ಲೇಖನದ ಬಹುಪಾಲು ಸಹಿಗೆ ಮುಂಚಿನ ಕೆಲಸದ ಬಗ್ಗೆಯೇ ಇದೆ.

ಮೊದಲು ಕಾಗದಪತ್ರ

ಸಂದರ್ಶನಕ್ಕೆ ಕಾಯಬೇಡಿ, ಇವತ್ತೇ ಕಪಾಟು ತೆರೆಯಿರಿ. ಪದವಿ ಮತ್ತು ಬಿ.ಎಡ್.ನ ಘಟಿಕೋತ್ಸವ ಪ್ರಮಾಣಪತ್ರ ಕೈಯಲ್ಲಿದೆಯೇ? ತಾತ್ಕಾಲಿಕ ಪ್ರಮಾಣಪತ್ರ ಇಟ್ಟುಕೊಂಡೇ ಹತ್ತು ವರ್ಷ ಪಾಠ ಮಾಡಿದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಹೊರದೇಶದ ಕೆಲಸಕ್ಕೆ ಅದು ಸಾಲದು, ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿ ಮೂಲ ಪ್ರತಿ ತರಿಸಿಕೊಳ್ಳಿ. ಲ್ಯಾಮಿನೇಷನ್ ಮಾಡಿಸಿದ್ದರೆ ಇನ್ನೊಂದು ತಲೆನೋವು. ದೃಢೀಕರಣದ ಮುದ್ರೆಗಳು ಮೂಲ ಪ್ರಮಾಣಪತ್ರದ ಹಿಂಬದಿಗೆ ಬೀಳಬೇಕು, ಪ್ಲಾಸ್ಟಿಕ್ ಮೇಲೆ ಅವು ನಿಲ್ಲುವುದಿಲ್ಲ.

ಹೆಸರು ಇನ್ನೊಂದು ಗಂಟು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು, ಮದುವೆಯಾದ ಮೇಲೆ ಮಾಡಿಸಿದ ಆಧಾರ್‌ನಲ್ಲಿ ಗಂಡನ ಹೆಸರು: ಕರ್ನಾಟಕದ ಮನೆಗಳಲ್ಲಿ ಇದು ಸಾಮಾನ್ಯ. ಅಲ್ಲಿನ ಕಚೇರಿಗಳಿಗೆ ಇವು ಮೂವರು ಬೇರೆ ಬೇರೆ ವ್ಯಕ್ತಿಗಳಂತೆ ಕಾಣುತ್ತವೆ. ಅಫಿಡವಿಟ್ ಬೇಕೋ, ಪಾಸ್‌ಪೋರ್ಟ್ ತಿದ್ದುಪಡಿಯೇ ಬೇಕೋ ಎಂಬುದನ್ನು ಈಗಲೇ ತೀರ್ಮಾನಿಸಿ.

ಒಂದು ದೇಶದ ದಾಖಲೆಯನ್ನು ಒಂದೇ ಮುದ್ರೆಯ ಮೇಲೆ ಇನ್ನೊಂದು ದೇಶ ಒಪ್ಪುವ ಅಪೊಸ್ಟೀಲ್ ಒಪ್ಪಂದಕ್ಕೆ ಯುಎಇ ಇನ್ನೂ ಸೇರಿಲ್ಲ. ಹಾಗಾಗಿ ಪ್ರಮಾಣಪತ್ರ ಪೂರ್ತಿ ಸರಪಳಿ ದಾಟಬೇಕು: ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ಕೇಂದ್ರದ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿನ ವಿದೇಶಾಂಗ ಸಚಿವಾಲಯ. ವಾರಗಟ್ಟಲೆ ಹಿಡಿಯುವ ಕೆಲಸವಿದು. ಒಮಾನ್, ಬಹರೇನ್ ಮತ್ತು 2022ರ ಡಿಸೆಂಬರ್‌ನಿಂದ ಸೌದಿ ಅರೇಬಿಯಾ ಅಪೊಸ್ಟೀಲ್ ಮುದ್ರೆಯನ್ನು ಒಪ್ಪುತ್ತವೆ. ಅಲ್ಲಿಗೆ ಹೋಗುವವರಿಗೆ ದಾರಿ ಸ್ವಲ್ಪ ಹತ್ತಿರ. ದೂರಶಿಕ್ಷಣದಲ್ಲಿ ಪದವಿ ಅಥವಾ ಬಿ.ಎಡ್. ಪಡೆದಿದ್ದರೆ ಸಂದರ್ಶನದಲ್ಲೇ ಹೇಳಿಬಿಡಿ, ಬರಹದಲ್ಲಿ ಉತ್ತರ ಪಡೆಯಿರಿ. ನಿಮ್ಮ ಪದವಿಯ ವಿಷಯವೂ ಪಾಠ ಮಾಡುವ ವಿಷಯವೂ ಹೊಂದಬೇಕು. ಬಿ.ಎಸ್ಸಿ.ಯಲ್ಲಿ ಓದಿದ್ದು ರಸಾಯನಶಾಸ್ತ್ರ, ಇಷ್ಟು ವರ್ಷ ಕಲಿಸಿದ್ದು ಗಣಿತ ಎಂದಾದರೆ ಅಲ್ಲಿ ಪಾಠ ಮಾಡಲು ಸಿಗಬೇಕಾದ ಅನುಮತಿಯ ಹಂತದಲ್ಲಿ ತೊಡಕು ಬರಬಹುದು. ಇದರ ಜೊತೆಗೆ ಪಾಸ್‌ಪೋರ್ಟ್ ಕಚೇರಿಯಿಂದ ಸಿಗುವ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್, ಈವರೆಗೆ ದುಡಿದ ಪ್ರತಿ ಶಾಲೆಯ ಅನುಭವ ಪತ್ರ. ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ಹಳೆಯ ಮುಖ್ಯೋಪಾಧ್ಯಾಯರಿಗೆ ನೇರವಾಗಿ ಫೋನ್ ಮಾಡಿ ವಿಚಾರಿಸುವ ಶಾಲೆಗಳಿವೆ. ಅವರಿಗೆ ಮೊದಲೇ ಒಂದು ಮಾತು ತಿಳಿಸಿರಿ.

ಶಾಲೆ ಯಾವುದು, ಏಜೆಂಟ್ ಯಾರು

ದುಬೈನ ಖಾಸಗಿ ಶಾಲೆಗಳ ಉಸ್ತುವಾರಿ ಕೆಎಚ್‌ಡಿಎ ಎಂಬ ಪ್ರಾಧಿಕಾರದ್ದು. ಅಬುಧಾಬಿಯಲ್ಲಿ ಅಡೆಕ್, ಶಾರ್ಜಾದಲ್ಲಿ ಸ್ಪಿಯಾ. ಇವುಗಳ ತಪಾಸಣಾ ವರದಿಗಳು ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತವೆ. ಶಾಲೆಯ ಹೊಳಪಿನ ವಿಡಿಯೊ ನೋಡುವ ಬದಲು ಆ ವರದಿಯನ್ನು ಓದಿ. ಶಿಕ್ಷಕರು ಎಷ್ಟು ಬೇಗ ಬಿಟ್ಟುಹೋಗುತ್ತಿದ್ದಾರೆ ಎಂಬ ಸುಳಿವೂ ಅಲ್ಲಿ ಸಿಗುವುದುಂಟು. ಇದೇ ಪ್ರಶ್ನೆಯನ್ನು ಸಂದರ್ಶನದಲ್ಲಿ ನೀವೂ ಕೇಳಿ: ನಾನು ಬರುವ ಜಾಗದಲ್ಲಿದ್ದವರು ಯಾಕೆ ಬಿಟ್ಟರು?

ಏಜೆಂಟ್ ಮೂಲಕ ಹೋಗುವುದಾದರೆ ಅವರ ನೋಂದಣಿಯನ್ನು ಭಾರತ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಪರೀಕ್ಷಿಸಿ. ನೋಂದಾಯಿತ ಏಜೆಂಟ್ ನಿಮ್ಮಿಂದ ಪಡೆಯಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿ ಎಂಬ ಮಿತಿಯಿದೆ, ಅದಕ್ಕೆ ರಸೀದಿ ಕೊಡಬೇಕು. ವೀಸಾ ಮತ್ತು ನೇಮಕಾತಿಯ ಖರ್ಚನ್ನು ನೌಕರರಿಂದ ವಸೂಲಿ ಮಾಡುವಂತಿಲ್ಲ ಎಂದು ಯುಎಇ ಕಾರ್ಮಿಕ ಕಾನೂನೇ ಹೇಳುತ್ತದೆ. ವೀಸಾಕ್ಕೆಂದು ಲಕ್ಷಗಟ್ಟಲೆ ಕೇಳುವವರಿಗೆ ಅಲ್ಲೇ ಕೈಮುಗಿಯಿರಿ.

‘ಸದ್ಯಕ್ಕೆ ವಿಸಿಟ್ ವೀಸಾದಲ್ಲಿ ಬನ್ನಿ, ಪಾಠ ಶುರುಮಾಡಿ, ಉಳಿದದ್ದು ಆಮೇಲೆ’ ಎಂದು ಯಾರೇ ಹೇಳಲಿ, ಒಪ್ಪಬೇಡಿ. ವಿಸಿಟ್ ವೀಸಾದಲ್ಲಿ ದುಡಿಯುವುದು ಅಪರಾಧ. ಪರವಾನಗಿ ಇಲ್ಲದೆ ದುಡಿಸುವ ಮಾಲೀಕರಿಗೆ 2024ರ ತಿದ್ದುಪಡಿ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಂವರೆಗೆ ದಂಡ ಇಟ್ಟಿದೆ. ಸಿಕ್ಕಿಬಿದ್ದರೆ ನಿಮ್ಮ ಬೆನ್ನಿಗೆ ಒಪ್ಪಂದವೂ ಇರುವುದಿಲ್ಲ, ವಿಮೆಯೂ ಇರುವುದಿಲ್ಲ.

ಆಫರ್ ಲೆಟರ್ ಓದುವ ಬಗೆ

ಇಲ್ಲಿ ಒಂದು ಸಂಜೆ ಪೂರ್ತಿ ಕಳೆಯಿರಿ. ಲೆಕ್ಕ ಬರುವ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಶಾಲೆ ಕಳಿಸುವ ಪತ್ರ ಒಂದು, ಅಲ್ಲಿನ ಕಾರ್ಮಿಕ ಸಚಿವಾಲಯದ ನಮೂನೆಯ ಆಫರ್ ಲೆಟರ್ ಇನ್ನೊಂದು. ಕಾನೂನಿನ ಮುಂದೆ ಗಟ್ಟಿಯಾಗಿ ನಿಲ್ಲುವುದು ಎರಡನೆಯದು. ಅದು ಅರಬ್ಬಿ, ಇಂಗ್ಲಿಷ್ ಜೊತೆ ಹಿಂದಿ, ಮಲಯಾಳಂ, ತಮಿಳಿನಂಥ ಭಾಷೆಗಳಲ್ಲೂ ಸಿಗುತ್ತದೆ, ಕನ್ನಡ ಆ ಪಟ್ಟಿಯಲ್ಲಿಲ್ಲ. ಮಾತಿನಲ್ಲಿ ಕೊಟ್ಟ ಭರವಸೆಗಳೆಲ್ಲ ಇದರಲ್ಲಿ ಬಂದಿವೆಯೇ ನೋಡಿ. ಬರದಿದ್ದದ್ದು ಇಲ್ಲ ಎಂದೇ ತಿಳಿಯಿರಿ.

ಒಟ್ಟು ಸಂಬಳಕ್ಕಿಂತ ಮೊದಲು ಬೇಸಿಕ್ ಎಷ್ಟೆಂದು ನೋಡಿ. ಕೆಲಸ ಬಿಡುವಾಗ ಸಿಗುವ ಗ್ರ್ಯಾಚುಟಿ ನಿಲ್ಲುವುದು ಬೇಸಿಕ್ ಮೇಲೆಯೇ: ಒಂದು ವರ್ಷ ಮುಗಿಸಿದವರಿಗೆ ಮೊದಲ ಐದು ವರ್ಷಗಳವರೆಗೆ ವರ್ಷಕ್ಕೆ 21 ದಿನಗಳ ಬೇಸಿಕ್, ನಂತರದ ಪ್ರತಿ ವರ್ಷಕ್ಕೆ 30 ದಿನಗಳದ್ದು. ಎರಡು ಶಾಲೆಗಳೂ 5,000 ದಿರ್ಹಂ ಕೊಡುತ್ತೇವೆ ಅಂದವು ಎಂದುಕೊಳ್ಳಿ. ಒಂದರಲ್ಲಿ ಬೇಸಿಕ್ 2,000, ಉಳಿದದ್ದೆಲ್ಲ ಭತ್ಯೆ. ಇನ್ನೊಂದರಲ್ಲಿ ಬೇಸಿಕ್ 3,500. ಮೊದಲಿನಲ್ಲಿ ವರ್ಷಕ್ಕೆ 1,400 ದಿರ್ಹಂ ಗ್ರ್ಯಾಚುಟಿ, ಎರಡನೆಯದರಲ್ಲಿ 2,450. ನಾಲ್ಕು ವರ್ಷ ದುಡಿದು ಬಂದರೆ ವ್ಯತ್ಯಾಸ 4,200 ದಿರ್ಹಂ. ತಿಂಗಳ ಸಂಬಳ ಹೆಚ್ಚಿಸಲು ಒಪ್ಪದ ಶಾಲೆ, ಇದ್ದ ಮೊತ್ತದಲ್ಲೇ ಬೇಸಿಕ್ ಪಾಲು ಹೆಚ್ಚಿಸಲು ಒಪ್ಪಬಹುದು. ಕೇಳಿ ನೋಡಿ. 2023ರಿಂದ ಖಾಸಗಿ ನೌಕರರಿಗೆ ಕಡ್ಡಾಯವಾಗಿರುವ ಉದ್ಯೋಗನಷ್ಟ ವಿಮೆಯಲ್ಲೂ ಪರಿಹಾರ ಸಿಗುವುದು ಬೇಸಿಕ್‌ನ ಶೇ 60ರಂತೆ, ಹೆಚ್ಚೆಂದರೆ ಮೂರು ತಿಂಗಳು.

ಬೇಸಿಗೆ ಸಂಬಳದ ಬಗ್ಗೆ ಬಿಡಿಸಿ ಕೇಳಿ. ಜುಲೈ–ಆಗಸ್ಟ್ ರಜೆಗೆ ಪೂರ್ತಿ ಸಂಬಳ ಬರುತ್ತದೆಯೇ? ಮೊದಲ ವರ್ಷವೂ ಬರುತ್ತದೆಯೇ? ಜೂನ್ ಕೊನೆಗೆ ಬಿಟ್ಟರೆ ಏನಾಗುತ್ತದೆ? ಜಗಳಗಳು ಹೆಚ್ಚಾಗಿ ಹುಟ್ಟುವ ಜಾಗ ಇದು.

ಪ್ರೊಬೇಷನ್ ಆರು ತಿಂಗಳು ಮೀರುವಂತಿಲ್ಲ. ಆ ಅವಧಿಯಲ್ಲಿ ಕೆಲಸ ಬಿಟ್ಟು ದೇಶಕ್ಕೆ ಮರಳುವುದಾದರೆ 14 ದಿನಗಳ ನೋಟಿಸ್ ಕೊಡಬೇಕು, ಅಲ್ಲೇ ಬೇರೆ ಕಡೆ ಸೇರುವುದಾದರೆ 30 ದಿನ. ಅದಾದ ಮೇಲೆ ನೋಟಿಸ್ ಅವಧಿ 30ರಿಂದ 90 ದಿನಗಳ ನಡುವೆ ಒಪ್ಪಂದದಲ್ಲಿ ಬರೆದಂತೆ. ಹೆರಿಗೆ ರಜೆ 60 ದಿನ, ಅದರಲ್ಲಿ 45 ದಿನ ಪೂರ್ತಿ ವೇತನ, 15 ದಿನ ಅರ್ಧ ವೇತನ. ಇಲ್ಲಿನ 26 ವಾರಗಳ ರಜೆಗೆ ಒಗ್ಗಿದವರು ಇದನ್ನು ಮೊದಲೇ ತಿಳಿದಿರಬೇಕು.

ನಿಮ್ಮ ಮಕ್ಕಳ ಫೀಸಿನ ರಿಯಾಯಿತಿಯನ್ನು ಲಘುವಾಗಿ ಬಿಡಬೇಡಿ. ಎಷ್ಟು ಮಕ್ಕಳಿಗೆ, ಶೇಕಡ ಎಷ್ಟು, ಬಸ್ ಶುಲ್ಕ ಸೇರಿದೆಯೇ, ಆ ತರಗತಿಯಲ್ಲಿ ಸೀಟು ಇದೆಯೇ ಎಂದೆಲ್ಲ ಕೇಳಿ. ಇಬ್ಬರು ಮಕ್ಕಳಿದ್ದರೆ ಸಂಸಾರದ ಲೆಕ್ಕವನ್ನೇ ಇದು ತಿರುಗಿಸುತ್ತದೆ.

ಗಂಡನ ವೀಸಾದಲ್ಲಿ ದುಡಿಯುವವರಿಗೆ

ಗಂಡನ ಪ್ರಾಯೋಜಕತ್ವದಲ್ಲಿ ಅಲ್ಲಿರುವ ಶಿಕ್ಷಕಿಯರನ್ನು ನೇಮಿಸಿಕೊಳ್ಳಲು ಭಾರತೀಯ ಪಠ್ಯಕ್ರಮದ ಶಾಲೆಗಳಿಗೆ ಒಲವು ಹೆಚ್ಚು. ಮನೆ, ವೀಸಾ, ವಿಮಾನದ ಟಿಕೆಟ್ ಯಾವುದರ ಖರ್ಚೂ ಶಾಲೆಗಿಲ್ಲ. ಅದೇ ನೆಪದಲ್ಲಿ ಸಂಬಳವನ್ನೂ ಇಳಿಸುತ್ತಾರೆ. ಅದೇ ತರಗತಿ, ಅಷ್ಟೇ ಪಿರಿಯಡ್, ಅಷ್ಟೇ ತಿದ್ದುವ ಪುಸ್ತಕಗಳು, ಆದರೂ ಕಡಿಮೆ ಹಣ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಕಾನೂನಿನ ಪ್ರಕಾರ ಇವರಿಗೂ ಕೆಲಸದ ಪರವಾನಗಿ ಇರಬೇಕು, ಗ್ರ್ಯಾಚುಟಿಯೂ ಸಿಗಬೇಕು. ‘ನಿಮಗೆ ಮನೆಯಿದೆಯಲ್ಲ ಮೇಡಂ’ ಎಂದರೆ ‘ಪಾಠ ಎಲ್ಲರಷ್ಟೇ ಮಾಡುತ್ತೇನಲ್ಲ ಸರ್’ ಎನ್ನಲು ಹಿಂಜರಿಯಬೇಡಿ. ಮನೆಯವರನ್ನು ನೀವೇ ಕರೆಸಿಕೊಳ್ಳುವ ದಾರಿಯೂ ಇದೆ. ತಿಂಗಳಿಗೆ 4,000 ದಿರ್ಹಂ ಅಥವಾ 3,000 ದಿರ್ಹಂ ಜೊತೆ ವಸತಿ ಇರುವವರು ಗಂಡ ಮತ್ತು ಮಕ್ಕಳಿಗೆ ಪ್ರಾಯೋಜಕರಾಗಬಹುದು.

ಮೊದಲ ಎರಡು ತಿಂಗಳ ಹಣ

ಇಳಿದ ಕೂಡಲೇ ಸಂಬಳ ಬರುವುದಿಲ್ಲ. ರಕ್ತಪರೀಕ್ಷೆ, ಎದೆಯ ಎಕ್ಸ್-ರೇ, ಎಮಿರೇಟ್ಸ್ ಐಡಿ, ಬ್ಯಾಂಕ್ ಖಾತೆ ಇಷ್ಟೆಲ್ಲ ಆಗಬೇಕು. ಎರಡು ತಿಂಗಳ ಊಟ, ಬಾಡಿಗೆ, ಓಡಾಟಕ್ಕೆ ಹಣ ಇಟ್ಟುಕೊಂಡೇ ಹೊರಡಿ.

ಶಾಲೆಯೇ ವಸತಿ ಕೊಟ್ಟರೆ ಕೋಣೆ ಒಬ್ಬರಿಗೋ ಹಂಚಿಕೆಯೋ ಕೇಳಿ. ಸ್ವಂತವಾಗಿ ಹಿಡಿಯುವುದಾದರೆ ದುಬೈನಲ್ಲಿ ಬಾಡಿಗೆಯನ್ನು ವರ್ಷದ ಲೆಕ್ಕದಲ್ಲಿ ಕೆಲವೇ ಚೆಕ್‌ಗಳಲ್ಲಿ ಮುಂಗಡವಾಗಿ ಕೊಡುವ ರೂಢಿ. ಅದರ ಮೇಲೆ ಸಾಮಾನ್ಯವಾಗಿ ಶೇ 5ರಷ್ಟು ಠೇವಣಿ, ದಲ್ಲಾಳಿಗೆ ಇನ್ನೊಂದು ಶೇ 5, ಫ್ಲ್ಯಾಟಿನ ನೀರು–ಕರೆಂಟಿಗೆ 2,000 ದಿರ್ಹಂ ಠೇವಣಿ. ಬಾಡಿಗೆ ಕಡಿಮೆಯೆಂದು ಶಾರ್ಜಾದಲ್ಲಿ ಮನೆ ಮಾಡಿ ದುಬೈ ಶಾಲೆಗೆ ಓಡಾಡುವವರು ಬಹಳ. ಆ ಹೆದ್ದಾರಿಯ ಟ್ರಾಫಿಕ್ಕಿಗೆ ಸಿಲ್ಕ್ ಬೋರ್ಡನ್ನು ಕಂಡವರೂ ಬೆಚ್ಚುತ್ತಾರೆ. ಬೆಳಗಿನ ಕತ್ತಲಲ್ಲೇ ಮನೆ ಬಿಡಬೇಕಾಗುತ್ತದೆ. ಉಳಿದ ಬಾಡಿಗೆ ಹಣಕ್ಕೂ ಕಳೆದ ನಿದ್ದೆಗೂ ಹೊಂದುತ್ತದೆಯೇ ಎಂದು ತೂಗಿ ನೋಡಿ.

ತರಗತಿಯ ಒಳಗೆ, ಹೊರಗೆ

ಪಾಠ ನಿಮಗೆ ಹೊಸದಲ್ಲ, ದಾಖಲೆಯ ಹೊರೆ ಹೊಸದು. ಪ್ರತಿ ಪಾಠದ ಯೋಜನೆ, ಪ್ರತಿ ಮಗುವಿನ ಪ್ರಗತಿಯ ಅಂಕಿ, ಹೇಳದೆ ಬಂದು ತರಗತಿಯಲ್ಲಿ ಕೂರುವ ಮೇಲ್ವಿಚಾರಕರು, ಆ್ಯಪಿನಲ್ಲಿ ರಾತ್ರಿಯೂ ಬರುವ ಪೋಷಕರ ಸಂದೇಶ. ಒಂದೇ ತರಗತಿಯಲ್ಲಿ ಹಲವು ದೇಶದ ಮಕ್ಕಳು, ವಿಶೇಷ ಅಗತ್ಯದ ಮಕ್ಕಳು ಇರುತ್ತಾರೆ. ಎಲ್ಲರಿಗೂ ಒಂದೇ ನೋಟ್ಸ್ ಬರೆಸಿ ಮುಗಿಸುವ ಅಭ್ಯಾಸವಿದ್ದರೆ ಇಲ್ಲಿರುವಾಗಲೇ ಬದಲಿಸಿಕೊಳ್ಳಲು ಶುರುಮಾಡಿ. ರಮದಾನ್ ತಿಂಗಳಲ್ಲಿ ಶಾಲೆಯ ಅವಧಿ ಮೊಟಕಾಗುತ್ತದೆ.

ಮನೆಪಾಠ ಹೇಳಲು ಪರವಾನಗಿ ಬೇಕು. 2023ರ ಡಿಸೆಂಬರ್‌ನಿಂದ ಅದನ್ನು ಉಚಿತವಾಗಿ, ಎರಡು ವರ್ಷಗಳ ಅವಧಿಗೆ ಕೊಡುತ್ತಿದ್ದಾರೆ. ಪರವಾನಗಿ ಇಲ್ಲದೆ ಒಬ್ಬ ಮಗುವಿಗೂ ದುಡ್ಡಿಗೆ ಪಾಠ ಹೇಳಬೇಡಿ. ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಫೋಟೊ ತೆಗೆಯುವುದು, ವಾಟ್ಸ್‌ಆ್ಯಪಿನಲ್ಲಿ ಬೈಯುವುದು, ಅನುಮತಿಯಿಲ್ಲದೆ ಚಂದಾ ಎತ್ತುವುದು ಕಾನೂನಿನ ಕಣ್ಣಿಗೆ ಬೀಳುವ ಅಪರಾಧಗಳು. ಸಹೋದ್ಯೋಗಿಯ ಆಸ್ಪತ್ರೆ ಖರ್ಚಿಗೆಂದು ಗುಂಪಿನಲ್ಲಿ ಹಣ ಸೇರಿಸುವ ನಮ್ಮ ಒಳ್ಳೆಯ ಅಭ್ಯಾಸವೂ ಅಲ್ಲಿ ತೊಂದರೆ ತರಬಹುದು. ಊರಿಂದ ಔಷಧ ಒಯ್ಯುವಾಗ ಕೋಡೀನ್, ಟ್ರಮಡಾಲ್‌ನಂಥ ಅಂಶಗಳಿವೆಯೇ ನೋಡಿ. ಅವಕ್ಕೆ ಮುಂಗಡ ಅನುಮತಿ ಬೇಕು.

ಪಾಸ್‌ಪೋರ್ಟನ್ನು ಶಾಲೆ ತನ್ನ ಬಳಿ ಇಟ್ಟುಕೊಳ್ಳುವಂತಿಲ್ಲ, ಕೇಳಿದರೆ ಪ್ರತಿ ಕೊಡಿ ಸಾಕು. ಸಂಬಳ ನಿಂತರೆ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಡಬಹುದು. ದುಬೈನಲ್ಲಿ ಭಾರತ ಸರ್ಕಾರದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರವೂ ಇದೆ.

ಊರಿನ ಲೆಕ್ಕ

ಹೊರಡುವ ತಿಂಗಳು ತೆರಿಗೆಯ ಮೇಲೆ ಪರಿಣಾಮ ಬೀರುತ್ತದೆ. ಕೆಲಸಕ್ಕಾಗಿ ಹೊರಟವರು ಆ ಆರ್ಥಿಕ ವರ್ಷದಲ್ಲಿ ಭಾರತದಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಅನಿವಾಸಿ ಎನಿಸುತ್ತಾರೆ, ಅಲ್ಲಿ ದುಡಿದ ಸಂಬಳಕ್ಕೆ ಇಲ್ಲಿ ತೆರಿಗೆ ಬೀಳುವುದಿಲ್ಲ. ಏಪ್ರಿಲ್‌ನಲ್ಲೋ ಆಗಸ್ಟ್‌ನಲ್ಲೋ ಹೊರಟು ನಡುವೆ ದೀರ್ಘ ರಜೆಗೆ ಬರದಿದ್ದರೆ ಚಿಂತೆಯಿಲ್ಲ. ಜನವರಿಯಲ್ಲಿ ಹೊರಟವರು ಆ ಮಾರ್ಚ್‌ವರೆಗೆ ನಿವಾಸಿಗಳೇ, ಆ ಮೂರು ತಿಂಗಳ ಸಂಬಳವನ್ನು ಇಲ್ಲಿ ತೋರಿಸಬೇಕಾಗುತ್ತದೆ. ಈಗಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಆಗಿ ಬದಲಿಸಿ, ಅಲ್ಲಿಂದ ಕಳಿಸುವ ಹಣಕ್ಕೆ ಎನ್‌ಆರ್‌ಇ ಖಾತೆ ತೆರೆಯಿರಿ. ಎನ್‌ಆರ್‌ಇ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಇರುವ ಪಿಪಿಎಫ್ ಅವಧಿ ಮುಗಿಯುವವರೆಗೆ ನಡೆಸಬಹುದು, ಹೊಸದು ತೆರೆಯುವಂತಿಲ್ಲ.

ಬಿಟ್ಟು ಬರುವಾಗ

ಬ್ಯಾಂಕ್ ಸಾಲ, ಕ್ರೆಡಿಟ್ ಕಾರ್ಡ್ ಬಾಕಿ ಇಟ್ಟುಕೊಂಡು ವಿಮಾನ ಹತ್ತಲು ಹೋದರೆ ಪ್ರಯಾಣ ನಿಷೇಧ ಎದುರಾಗಬಹುದು. ಎಲ್ಲ ತೀರಿಸಿ, ಬಾಕಿಯಿಲ್ಲವೆಂಬ ಪತ್ರ ಪಡೆಯಿರಿ. ಒಪ್ಪಂದ ಮುಗಿದ 14 ದಿನಗಳೊಳಗೆ ಗ್ರ್ಯಾಚುಟಿ ಸೇರಿ ಎಲ್ಲ ಬಾಕಿಯನ್ನೂ ಶಾಲೆ ಕೊಡಬೇಕು. ಹಣ ಖಾತೆಗೆ ಬೀಳದೆ ‘ಎಲ್ಲ ಸಂದಾಯವಾಗಿದೆ’ ಎಂಬ ಕಾಗದಕ್ಕೆ ಸಹಿ ಹಾಕಬೇಡಿ. ಅನುಭವ ಪತ್ರವನ್ನು ಶುಲ್ಕವಿಲ್ಲದೆ ಕೊಡುವುದು ಶಾಲೆಯ ಕರ್ತವ್ಯ. ಕಲಿಸಿದ ವಿಷಯ, ತರಗತಿ, ಪಠ್ಯಕ್ರಮ, ಸೇರಿದ ಮತ್ತು ಬಿಟ್ಟ ದಿನಾಂಕ ಸರಿಯಾಗಿ ನಮೂದಾಗಿದೆಯೇ ಎಂದು ಮುಖ್ಯೋಪಾಧ್ಯಾಯರ ಕೋಣೆಯಲ್ಲೇ ಓದಿ, ತಪ್ಪಿದ್ದರೆ ಅಲ್ಲೇ ತಿದ್ದಿಸಿಕೊಂಡು ಬನ್ನಿ. ಬೆಂಗಳೂರಿನಿಂದ ಇ-ಮೇಲ್ ಬರೆದು ತಿದ್ದಿಸುವುದು ಬಹಳ ಕಷ್ಟ.