ಸುಂಕದ ಹಕ್ಕನ್ನು ಕಳೆದುಕೊಂಡ ಸಾಮ್ರಾಜ್ಯ

ಹದಿನೆಂಟನೆಯ ಶತಮಾನದಲ್ಲಿ ಚೀನಾ ದೇಶವನ್ನಾಳುತ್ತಿದ್ದ ಚಿಂಗ್ ರಾಜವಂಶವು ಪ್ರಬಲವಾಗಿತ್ತು. 1757ರಲ್ಲಿ ಅದು ಪಾಶ್ಚಾತ್ಯರ ಸಮುದ್ರ ವ್ಯಾಪಾರವನ್ನು ಕ್ಯಾಂಟನ್ ಬಂದರೊಂದಕ್ಕೇ ಸೀಮಿತಗೊಳಿಸಿತು. ಅಲ್ಲಿ ಯಾರು ವ್ಯಾಪಾರ ಮಾಡಬೇಕು, ಎಷ್ಟು ಸುಂಕ ತೆರಬೇಕು ಎಂಬುದನ್ನು ಚೀನೀಯರೇ ನಿರ್ಧರಿಸುತ್ತಿದ್ದರು. ನೂರು ವರ್ಷಗಳೊಳಗಾಗಿ ಈ ಅಧಿಕಾರವು ಹೇಗೆ ಕೈಬಿಟ್ಟುಹೋಯಿತೆಂಬುದು ವಿಚಾರಾರ್ಹವಾಗಿದೆ.

ಇಂಗ್ಲೆಂಡಿಗೆ ಚೀನಾದ ಚಹ ಬೇಕಾಗಿತ್ತು. ಚೀನಾಕ್ಕೆ ಇಂಗ್ಲೆಂಡಿನ ಸರಕು ಅಷ್ಟಾಗಿ ಬೇಕಿರಲಿಲ್ಲ. ಆದಕಾರಣ ಚಹಕ್ಕೆ ಬೆಳ್ಳಿಯನ್ನೇ ತೆರಬೇಕಾಗುತ್ತಿತ್ತು. ಈ ಕೊರತೆಯನ್ನು ತುಂಬಲು ಈಸ್ಟ್ ಇಂಡಿಯಾ ಕಂಪನಿಯು ಅಫೀಮನ್ನು ಆಶ್ರಯಿಸಿತು. ಬಿಹಾರ ಮತ್ತು ಕಾಶಿ ಪ್ರಾಂತಗಳಲ್ಲಿ ರೈತರಿಂದ ಗಸಗಸೆ ಬೆಳೆಸಿ, ಅಫೀಮನ್ನು ಕಲ್ಕತ್ತೆಯಲ್ಲಿ ಹರಾಜು ಮಾಡುತ್ತಿತ್ತು. ಖಾಸಗಿ ವರ್ತಕರು ಅದನ್ನು ಚೀನಾಕ್ಕೆ ಕಳ್ಳಸಾಗಣೆ ಮಾಡುತ್ತಿದ್ದರು. ಬೆಳ್ಳಿ ಈಗ ಚೀನಾದಿಂದ ಹೊರಕ್ಕೆ ಹರಿಯತೊಡಗಿತು. ತಾಮ್ರದ ನಾಣ್ಯಗಳಲ್ಲಿ ಸಂಪಾದಿಸಿ ಬೆಳ್ಳಿಯ ಲೆಕ್ಕದಲ್ಲಿ ಕಂದಾಯ ತೆರುತ್ತಿದ್ದ ರೈತನಿಗೆ, ಬೆಳ್ಳಿ ತುಟ್ಟಿಯಾದಂತೆ ಹೊರೆ ಹೆಚ್ಚಿತು. ಲಂಚಕ್ಕೆ ವಶರಾದ ಅಧಿಕಾರಿಗಳಿಂದ ನಿಷೇಧಾಜ್ಞೆಗಳು ನಿಷ್ಫಲವಾದವು.

1839ರಲ್ಲಿ ಚಕ್ರವರ್ತಿಯ ವಿಶೇಷ ಪ್ರತಿನಿಧಿಯಾಗಿ ಬಂದ ಲಿನ್ ಝೆಷು, 20,000ಕ್ಕೂ ಹೆಚ್ಚು ಪೆಟ್ಟಿಗೆಗಳ ಅಫೀಮನ್ನು ವಶಪಡಿಸಿಕೊಂಡು, ಉಪ್ಪು ಮತ್ತು ಸುಣ್ಣ ಬೆರೆಸಿ ಕರಗಿಸಿ ಸಮುದ್ರಕ್ಕೆ ಹರಿಯಬಿಟ್ಟನು. ಇದನ್ನೇ ನೆಪಮಾಡಿಕೊಂಡು ಬ್ರಿಟನ್ ಯುದ್ಧಕ್ಕಿಳಿಯಿತು. 1842ರ ನಾನ್‌ಕಿಂಗ್ ಒಪ್ಪಂದದಂತೆ ಹಾಂಗ್‌ಕಾಂಗ್ ದ್ವೀಪ ಬ್ರಿಟನ್ನಿನ ಪಾಲಾಯಿತು. ಐದು ಬಂದರುಗಳು ತೆರೆದವು. 2 ಕೋಟಿ 10 ಲಕ್ಷ ಬೆಳ್ಳಿ ಡಾಲರುಗಳ ಪರಿಹಾರ ವಿಧಿಸಲಾಯಿತು. ನಾಶವಾದ ಅಫೀಮಿನ ಬೆಲೆಯೂ ಅದರಲ್ಲಿಯೇ ಸೇರಿತ್ತು!

ಕಳೆದುಹೋದ ದ್ವೀಪವು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಅದಕ್ಕಿಂತ ದೂರಗಾಮಿಯಾದವು 1843ರ ಪೂರಕ ಒಪ್ಪಂದದ ಕಲಮುಗಳು. ಆಮದು ಸುಂಕವು ಸುಮಾರು ಶೇಕಡಾ 5ಕ್ಕೆ ನಿಗದಿಯಾಯಿತು. ಬ್ರಿಟಿಷರು ಚೀನಾದ ನ್ಯಾಯಾಲಯಗಳ ವ್ಯಾಪ್ತಿಯಿಂದ ಹೊರಗಾದರು. ಮುಂದೆ ಇತರ ದೇಶಗಳಿಗೆ ದೊರೆಯುವ ಸೌಲಭ್ಯ ಬ್ರಿಟನ್ನಿಗೂ ಸಲ್ಲತಕ್ಕದ್ದೆಂದಾಯಿತು. ಚೀನೀ ಮಂತ್ರಿಗಳಿಗೆ ಇದರಲ್ಲಿ ಅಪಾಯ ಕಾಣಲಿಲ್ಲ. ಪರದೇಶೀಯರು ತಮ್ಮವರನ್ನು ತಾವೇ ಶಿಕ್ಷಿಸಿಕೊಳ್ಳುವುದು ಹಳೆಯ ರೂಢಿಯಂತೆಯೂ, ಎಲ್ಲರಿಗೂ ಸಮಾನ ಸೌಲಭ್ಯ ನೀಡುವುದು ಚಕ್ರವರ್ತಿಯ ಔದಾರ್ಯದಂತೆಯೂ ಅವರಿಗೆ ತೋರಿತು. 1844ರಲ್ಲಿ ಅಮೆರಿಕ ಮತ್ತು ಫ್ರಾನ್ಸ್ ಇಂಥದೇ ಒಪ್ಪಂದಗಳನ್ನು ಪಡೆದವು. ಅಲ್ಲಿಂದ ಮುಂದೆ ಒಬ್ಬರು ಕಸಿದುದು ಎಲ್ಲರಿಗೂ ದಕ್ಕುವಂತಾಯಿತು.

1850ರಿಂದ 1864ರವರೆಗಿನ ತೈಪಿಂಗ್ ದಂಗೆಯು ರಾಜವಂಶವನ್ನು ಒಳಗಿನಿಂದ ಜರ್ಝರಿತಗೊಳಿಸಿತು. ಅದೇ ವೇಳೆ ನಡೆದ ಎರಡನೆಯ ಯುದ್ಧದಲ್ಲಿ ಅಫೀಮಿನ ಆಮದು ಕಾನೂನುಬದ್ಧವಾಯಿತು; 1860ರಲ್ಲಿ ಬೀಜಿಂಗಿನ ಬೇಸಗೆಯ ಅರಮನೆ ಬೆಂಕಿಗೆ ಆಹುತಿಯಾಯಿತು. ಸುಂಕದ ಇಲಾಖೆಯ ಆಡಳಿತವೂ ವಿದೇಶಿಯರ ಕೈಸೇರಿತು. 1863ರಿಂದ ಸುಮಾರು ಅರ್ಧ ಶತಮಾನ ಅದರ ಮುಖ್ಯಸ್ಥನಾಗಿದ್ದವನು ರಾಬರ್ಟ್ ಹಾರ್ಟ್. ಇಲಾಖೆ ದಕ್ಷವಾಗಿಯೇ ನಡೆಯಿತು. ಆದರೆ ಅದರ ಆದಾಯದ ಬಹುಪಾಲು ಕ್ರಮೇಣ ಯುದ್ಧಪರಿಹಾರಕ್ಕೂ ವಿದೇಶಿ ಸಾಲಗಳಿಗೂ ಒತ್ತೆಯಾಯಿತು. ದೇಶೀಯ ಕೈಗಾರಿಕೆಗೆ ಸುಂಕದ ರಕ್ಷಣೆ ಕೊಡುವ ದಾರಿಯೇ ಮುಚ್ಚಿಹೋಯಿತು.

1912ರಲ್ಲಿ ರಾಜವಂಶ ಅಳಿದರೂ ಕಲಮುಗಳು ಅಳಿಯಲಿಲ್ಲ. ಸುಂಕದ ಸ್ವಾತಂತ್ರ್ಯವು 1928ರಿಂದ 1930ರ ಅವಧಿಯಲ್ಲಿ ಮರಳಿತು. ಬ್ರಿಟನ್ ಮತ್ತು ಅಮೆರಿಕ ನ್ಯಾಯಾಧಿಕಾರದ ವಿನಾಯಿತಿಯನ್ನು 1943ರಲ್ಲಿ ಬಿಟ್ಟುಕೊಟ್ಟವು. ಹಾಂಗ್‌ಕಾಂಗ್ 1997ರಲ್ಲಿ ಹಿಂದಿರುಗಿತು. ಅರ್ಥವರಿಯದೆ ಒತ್ತಿದ ಒಂದು ಮುದ್ರೆಯ ಋಣವನ್ನು ಅನೇಕ ತಲೆಮಾರುಗಳು ತೀರಿಸಬೇಕಾಯಿತು.