ಹೊಸ ಮೀನುತೊಟ್ಟಿಯ ನೀರನ್ನು ಪಕ್ವಗೊಳಿಸುವ ಕ್ರಮ

ಗಾಜಿನ ಪೆಟ್ಟಿಗೆಯಲ್ಲಾಗಲಿ ಸಿಮೆಂಟಿನ ತೊಟ್ಟಿಯಲ್ಲಾಗಲಿ ಮೀನು ಸಾಕುವ ಅಭ್ಯಾಸವು ಬೆಂಗಳೂರು ದಂಡಿನ ಪ್ರದೇಶದಿಂದ ಕೃಷ್ಣರಾಜಪುರದ ಆಚೆಯ ಗ್ರಾಮಗಳವರೆಗೂ ಹಬ್ಬಿರುವುದು. ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸುತ್ತಣ ಅಂಗಡಿಗಳಲ್ಲಿ ಬಣ್ಣದ ಮೀನುಗಳನ್ನು ಕೊಂಡು, ಅದೇ ಸಾಯಂಕಾಲ ಹೊಸ ತೊಟ್ಟಿಗೆ ಬಿಡುವವರು ಅನೇಕರು. ಎರಡು ಮೂರು ದಿನ ಮೀನು ಚೆನ್ನಾಗಿಯೇ ಆಡಿಕೊಂಡಿರುವುದು. ಅನಂತರ ನೀರಿನ ಮೇಲಕ್ಕೆ ಬಂದು ಬಾಯಿ ತೆರೆಯಲಾರಂಭಿಸುವುದು, ಕಿವಿರು ಕೆಂಪಾಗಿ ಉರಿಯುವುದು, ಮೇವನ್ನು ಮುಟ್ಟದು. ಎರಡನೆಯ ವಾರ ಕಳೆಯುವುದರೊಳಗಾಗಿ ತೊಟ್ಟಿ ಬರಿದಾಗುವುದು. ಅಂಗಡಿಯವನು ರೋಗದ ಮೀನನ್ನು ಕೊಟ್ಟನೆಂದು ಯಜಮಾನರು ದೂರುವರು. ತೊಟ್ಟಿಯನ್ನು ಉಜ್ಜಿ ತೊಳೆದು, ಹೊಸ ನೀರು ತುಂಬಿ, ಪುನಃ ಮೀನು ತಂದು ಬಿಡುವರು. ಅವೂ ಸಾಯುವುವು. ನೀರು ತಿಳಿಯಾಗಿದ್ದರೂ ಪಕ್ವವಾಗಿರಲಿಲ್ಲವೆಂಬುದೇ ಮೊದಲನೆಯ ನಷ್ಟಕ್ಕೆ ಕಾರಣ; ಎರಡನೆಯ ನಷ್ಟಕ್ಕೆ ಆ ತೊಳೆದಾಟವೇ ಕಾರಣ.

ಮೀನಿನ ಕಿವಿರಿನಿಂದಲೂ, ಅದರ ಮಲದಿಂದಲೂ, ತಿನ್ನದೆ ಉಳಿದ ಮೇವು ಕೊಳೆಯುವುದರಿಂದಲೂ ನೀರಿನಲ್ಲಿ ಅಮೋನಿಯ ಎಂಬ ವಿಷವು ಸೇರುವುದು. ಕೆರೆಯಲ್ಲಿ ಇದನ್ನು ತಿಂದು ಬದುಕುವ ಅಣುಜೀವಿಗಳು ಕಲ್ಲು, ಕೆಸರು, ಜೊಂಡು ಎಲ್ಲಕ್ಕೂ ಅಂಟಿಕೊಂಡಿರುವುವು. ಅವುಗಳಲ್ಲಿ ಒಂದು ಪಂಗಡವು ಅಮೋನಿಯವನ್ನು ನೈಟ್ರೈಟಾಗಿಯೂ, ಮತ್ತೊಂದು ಪಂಗಡವು ನೈಟ್ರೈಟನ್ನು ನೈಟ್ರೇಟಾಗಿಯೂ ಮಾರ್ಪಡಿಸುವುವು. ನೈಟ್ರೈಟು ಕೂಡ ವಿಷವೇ. ಅದು ರಕ್ತವನ್ನು ಕಂದುಬಣ್ಣಕ್ಕೆ ತಿರುಗಿಸಿ, ಪ್ರಾಣವಾಯುವನ್ನು ಒಯ್ಯುವ ಶಕ್ತಿಯನ್ನು ಕುಂದಿಸುವುದು. ಕೊನೆಯದಾದ ನೈಟ್ರೇಟು ಮಿತವಾಗಿದ್ದರೆ ಮೀನಿಗೆ ಬಾಧಕವಲ್ಲ.

ಬೇಸಾಯಗಾರರಿಗೆ ಇದು ಹೊಸ ವಿಷಯವೇನೂ ಅಲ್ಲ. ರಾಗಿಯ ಹೊಲಕ್ಕೆ ಹಾಕಿದ ಅಮೋನಿಯಂ ಸಲ್ಫೇಟು ಮಣ್ಣಿನಲ್ಲಿ ನೈಟ್ರೇಟಾಗುವುದು ಇದೇ ಬಗೆಯ ಜೀವಿಗಳಿಂದ. 1877ರಲ್ಲಿ ಫ್ರಾನ್ಸ್ ದೇಶದ ಶ್ಲೋಸಿಂಗ್ ಮತ್ತು ಮುಂಟ್ಸ್ ಎಂಬ ವಿದ್ವಾಂಸರು ಚರಂಡಿಯ ನೀರನ್ನು ಮರಳಿನ ಮೂಲಕ ಹಾಯಿಸಿ, ಈ ಮಾರ್ಪಾಡು ಜೀವಿಗಳ ಕೆಲಸವೆಂದು ತೋರಿಸಿದರು. 1890ರ ಸುಮಾರಿನಲ್ಲಿ ವಿನೊಗ್ರಾಡ್‌ಸ್ಕಿ ಎಂಬಾತನು ಆ ಜೀವಿಗಳನ್ನು ಬೇರ್ಪಡಿಸಿ ಬೆಳೆಸಿದನು.

ಹೊಸ ತೊಟ್ಟಿಯಲ್ಲಿ ಇವು ಇಲ್ಲವೆನ್ನುವಷ್ಟು ಕಡಿಮೆ. ಇವು ನಿಧಾನವಾಗಿ ವೃದ್ಧಿಯಾಗತಕ್ಕವು. ಬೇರೆ ಅಣುಜೀವಿಗಳಂತೆ ಗಳಿಗೆಗೊಮ್ಮೆ ಇಮ್ಮಡಿಸುವುದಿಲ್ಲ. ಆದುದರಿಂದ ಮೀನು ಬಿಡುವುದಕ್ಕೆ ಮುಂಚೆ ಅವುಗಳಿಗೆ ಆಹಾರ ಕೊಟ್ಟು, ನಾಲ್ಕರಿಂದ ಆರು ವಾರಗಳವರೆಗೆ ಕಾದು, ಬೆಳೆಸಿಕೊಳ್ಳತಕ್ಕದ್ದು. ಧನುರ್ಮಾಸದ ಚಳಿಯಲ್ಲಿ ಇನ್ನೂ ಕೆಲವು ದಿವಸ ಹೆಚ್ಚು ಬೇಕಾದೀತು.

ತೊಟ್ಟಿಯ ತಳದಲ್ಲಿ ತೊಳೆದ ಜಲ್ಲಿಯನ್ನು ಹರಡಿ, ಸ್ಪಂಜಿನ ಶೋಧಕವನ್ನಿಟ್ಟು, ಗಾಳಿಯ ಯಂತ್ರವನ್ನು ಹಗಲಿರುಳು ನಡೆಯಿಸಬೇಕು. ಕಾವೇರಿಯ ನಲ್ಲಿ ನೀರನ್ನು ತುಂಬುವುದಾದರೆ ಬಾಯಗಲದ ಪಾತ್ರೆಯಲ್ಲಿ ಒಂದು ದಿವಸ ತೆರೆದಿಟ್ಟ ಬಳಿಕ ತುಂಬತಕ್ಕದ್ದು. ಅದರಲ್ಲಿರುವ ಕ್ಲೋರಿನ್ನು ಮೀನನ್ನೂ ಅಣುಜೀವಿಯನ್ನೂ ಕೊಲ್ಲುವುದು. ಛಾವಣಿಯ ಮಳೆನೀರು ತೀರ ಮೃದು. ಈ ಜೀವಿಗಳ ಕೆಲಸಕ್ಕೆ ಸುಣ್ಣದ ಅಂಶ ಬೇಕಾದುದರಿಂದ ಆ ನೀರಿನಲ್ಲಿ ಕಪ್ಪೆಚಿಪ್ಪಿನ ಚೂರುಗಳನ್ನು ಚೀಲದಲ್ಲಿ ಕಟ್ಟಿ ಇಳಿಬಿಡುವುದು ಒಳ್ಳೆಯದು. ಬಳಿಕ 100 ಲೀಟರು ನೀರಿಗೆ ಅರ್ಧ ಗ್ರಾಮಿಗಿಂತ ತುಸು ಹೆಚ್ಚು ಶುದ್ಧ ನವಸಾಗರವನ್ನು ಕರಗಿಸಿದರೆ ಲೀಟರಿಗೆ ಸುಮಾರು 2 ಮಿಲಿಗ್ರಾಂ ಅಮೋನಿಯ ಉಂಟಾಗುವುದು. ಹೆಚ್ಚು ಹಾಕಿದರೆ ಬೇಗ ಪಕ್ವವಾದೀತೆಂಬುದು ಭ್ರಮೆ. ಅತಿಯಾದ ಅಮೋನಿಯವು ಎರಡನೆಯ ಪಂಗಡವನ್ನು ತಡೆಯುವುದು. ನವಸಾಗರ ದೊರೆಯದಿದ್ದಲ್ಲಿ ದಿನಕ್ಕೊಂದು ಚಿಟಿಕೆ ಮೀನಿನ ಮೇವನ್ನು ಹಾಕಿ ಕೊಳೆಯಬಿಡಬಹುದು. ವಾಸನೆಯನ್ನು ಮನೆಯವರು ಸಹಿಸಿಕೊಳ್ಳಬೇಕು. ರೋಗವಿಲ್ಲದ ಹಳೆಯ ತೊಟ್ಟಿಯ ಸ್ಪಂಜಿನ ತುಂಡು ಸಿಕ್ಕಿದರೆ, ಮೊಸರಿಗೆ ಹೆಪ್ಪು ಹಾಕಿದಂತೆ, ಕೆಲಸವು ಅರ್ಧಕ್ಕರ್ಧ ಬೇಗ ಮುಗಿಯುವುದು.

ಅಂಗಡಿಗಳಲ್ಲಿ ದೊರೆಯುವ ಪರೀಕ್ಷಾದ್ರವದಿಂದ ಎರಡು ದಿನಕ್ಕೊಮ್ಮೆ ನೀರನ್ನು ನೋಡತಕ್ಕದ್ದು. ಮೊದಲು ಅಮೋನಿಯ ಇಳಿಯುವುದು, ನೈಟ್ರೈಟು ಏರುವುದು. ಆಮೇಲೆ ನೈಟ್ರೈಟೂ ಇಳಿಯುವುದು. ಹಾಕಿದ ನವಸಾಗರವು ಒಂದು ಹಗಲು ಒಂದು ರಾತ್ರಿಯೊಳಗಾಗಿ ಎರಡೂ ವಿಷಗಳ ಗುರುತಿಲ್ಲದಂತೆ ಮಾಯವಾದರೆ ತೊಟ್ಟಿ ಸಿದ್ಧವಾಯಿತು. ಇಲ್ಲಿ ಪೂರ್ವಭಾಗದ ಜಮೀನುದಾರರು ಒಂದು ಸಂಗತಿಯನ್ನು ಗಮನಿಸತಕ್ಕದ್ದು. ಬೆಂಗಳೂರಿನ ಸುತ್ತಣ ಅನೇಕ ಕೊಳವೆಬಾವಿಗಳ ನೀರಿನಲ್ಲಿ ನೈಟ್ರೇಟು ಮೊದಲೇ ಬೆರೆತಿರುವುದು. ಚರಂಡಿಯೂ ಗೊಬ್ಬರವೂ ಭೂಮಿಗೆ ಇಂಗಿದುದರ ಫಲವಿದು. ಅಂತಹ ನೀರನ್ನು ತುಂಬಿದವರು ಮೊದಲನೆಯ ದಿನವೇ ನೈಟ್ರೇಟಿನ ಬಣ್ಣವನ್ನು ಕಂಡು, ಪಕ್ವವಾಯಿತೆಂದು ಮೋಸಹೋಗುವರು. ನೈಟ್ರೇಟು ಇದೆಯೇ ಎಂದು ನೋಡಬಾರದು, ಅಮೋನಿಯವೂ ನೈಟ್ರೈಟೂ ಹೋದುವೇ ಎಂದು ನೋಡಬೇಕು.

ನೀರಿನ ಕ್ಷಾರಗುಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು. 25 ಡಿಗ್ರಿ ಉಷ್ಣದಲ್ಲಿ, ಪಿ.ಎಚ್. 7 ಇರುವ ನೀರಿನೊಳಗಣ ಅಮೋನಿಯದಲ್ಲಿ ಕಡುವಿಷದ ರೂಪದ್ದು ನೂರರಲ್ಲಿ ಒಂದು ಪಾಲೂ ಇಲ್ಲ. 8 ಇದ್ದರೆ ಸುಮಾರು ಐದು ಪಾಲು. 9 ಆದರೆ ಮೂರರಲ್ಲಿ ಒಂದು ಪಾಲಿಗಿಂತಲೂ ಹೆಚ್ಚು. ಒಬ್ಬರ ತೊಟ್ಟಿಯಲ್ಲಿ ಮೀನು ತಾಳಿಕೊಂಡ ಅಮೋನಿಯವೇ ನೆರೆಯವರ ತೊಟ್ಟಿಯಲ್ಲಿ ಕೊಲ್ಲುವುದು ಇದರಿಂದ.

ಅಣುಜೀವಿಗಳ ಶಕ್ತಿಗೂ ಮಿತಿಯುಂಟು. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುವು. ಕೊಳಚೆ ಸೇರಿ ನೀರಿನೊಳಗಣ ಪ್ರಾಣವಾಯು ಕುಗ್ಗಿದುದೇ ಕಾರಣವೆಂದು ಆಗ ವರದಿಯಾಯಿತು. ಅಮೋನಿಯವನ್ನು ಮಾರ್ಪಡಿಸುವ ಜೀವಿಗಳಿಗೂ ಅದೇ ಪ್ರಾಣವಾಯು ಬೇಕು. ಅಷ್ಟು ಹಳೆಯ ಕೆರೆಯ ಗತಿಯೇ ಹೀಗಾದರೆ ನಾಲ್ಕು ಅಡಿಯ ಗಾಜಿನ ಪೆಟ್ಟಿಗೆಯ ಪಾಡನ್ನು ಹೇಳಬೇಕಾದುದಿಲ್ಲ.

2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯ ತರುವಾಯ ಪಾಲಿಥೀನ್ ಹಾಸಿದ ಕೃಷಿ ಹೊಂಡಗಳು ಹಲವು ಹೊಲಗಳಲ್ಲಿ ಆಗಿರುವುವು. ಅವುಗಳಲ್ಲಿ ಮೀನುಮರಿ ಬಿಡುವವರು ಹೊಂಡವನ್ನೂ ಹೊಸ ತೊಟ್ಟಿಯೆಂದೇ ಎಣಿಸತಕ್ಕದ್ದು. ಹಾಳೆಯು ಮಣ್ಣನ್ನು ಮುಚ್ಚಿರುವುದರಿಂದ ಕೆಸರಿನ ಅಣುಜೀವಿಗಳ ನೆರವು ಅಲ್ಲಿ ಇಲ್ಲ. ನೀರು ತುಂಬಿದ ಮೇಲೆ ಸ್ವಲ್ಪ ಹಳೆಯ ಸಗಣಿ ಗೊಬ್ಬರವನ್ನು ಹಾಕಿ, ಎರಡು ಮೂರು ವಾರ ಬಿಟ್ಟು, ನೀರು ತಿಳಿಹಸುರಾದ ಮೇಲೆ ಮರಿಗಳನ್ನು ತರಬೇಕು. ಆ ಹಸುರು ಪಾಚಿಯೂ ಅಮೋನಿಯವನ್ನು ಹೀರುವುದು. ಹಸಿ ಸಗಣಿಯನ್ನು ಹೇರಳವಾಗಿ ಸುರಿದವರ ಹೊಂಡದಲ್ಲಿ ಬೆಳಗಿನ ಜಾವ ಪ್ರಾಣವಾಯು ಸಾಲದೆ ಮರಿಗಳು ಸಾಯುವುವು.

ಪಕ್ವವಾದ ತೊಟ್ಟಿಗೆ ಮೀನುಗಳನ್ನು ವಾರಕ್ಕೆ ಎರಡು ಮೂರರಂತೆ ಬಿಡಬೇಕು. ಬಿಡುವ ಮುನ್ನ ಅರ್ಧದಷ್ಟು ನೀರನ್ನು ಬದಲಾಯಿಸಿ, ಶೇಖರವಾದ ನೈಟ್ರೇಟನ್ನು ಕಳೆಯಬೇಕು. ಸ್ಪಂಜು ಕಟ್ಟಿಕೊಂಡಾಗ ಅದನ್ನು ನಲ್ಲಿಯ ಕೆಳಗೆ ಹಿಂಡಬಾರದು. ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಒಂದೆರಡು ಸಲ ಅದ್ದಿ ತೆಗೆದರೆ ಸಾಕು. ವಿದ್ಯುತ್ತು ಬಹಳ ಹೊತ್ತು ನಿಂತ ದಿವಸ ಮೇವು ಹಾಕದೆ, ಚೊಂಬಿನಿಂದ ನೀರನ್ನು ಎತ್ತಿ ಎತ್ತಿ ಸುರಿಯುತ್ತಿರಬೇಕು.