ಸವೆದ ಬಂಡೆಯೂ ಓರೆ ಬಿಸಿಲೂ

ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಬಂಡೆಶಾಸನಗಳಿವೆ. 1931ರಲ್ಲಿ ಬೆಳಕಿಗೆ ಬಂದ ಇವುಗಳ ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಸುಮಾರು 2,250 ವರ್ಷಗಳಷ್ಟು ಹಳೆಯವಾದ ಇಂತಹ ಅಕ್ಷರಗಳನ್ನು ಪ್ರವಾಸಕ್ಕೆ ಹೋದ ನಾವು ಛಾಯಾಚಿತ್ರದಲ್ಲಿ ಹಿಡಿಯುವುದೆಂತು?

ಮೊದಲು ಕಲ್ಲಿನ ಮುಪ್ಪಿನ ಕಾರಣವನ್ನು ನೋಡೋಣ. ಗ್ರಾನೈಟ್ ಶಿಲೆಯು ಹಗಲಿನಲ್ಲಿ ಕಾದು ಹಿಗ್ಗುವುದು. ಇರುಳಿನಲ್ಲಿ ತಣಿದು ಕುಗ್ಗುವುದು. ಅದರಲ್ಲಿರುವ ಫೆಲ್ಡ್‌ಸ್ಪಾರ್ ಖನಿಜವು ಮಳೆನೀರಿನಿಂದ ಮೆಲ್ಲಮೆಲ್ಲನೆ ಜೇಡಿಯಾಗುವುದು. ಹೀಗೆ ಕಣಕಣವಾಗಿ ಕಲ್ಲು ಉದುರಿ, ಕೆತ್ತಿದ ಗೆರೆಯ ಅಂಚು ಮೊಂಡಾಗುವುದು, ಆಳ ಕಡಿಮೆಯಾಗುವುದು.

ಅಕ್ಷರಕ್ಕೂ ಬಂಡೆಗೂ ಬಣ್ಣ ಒಂದೇ ಆದುದರಿಂದ ಅಕ್ಷರವನ್ನು ತೋರಿಸುವುದು ನೆರಳೇ. ಗೆರೆಯ ಆಳವನ್ನು, ಬೆಳಕಿನ ಕಿರಣವು ಬಂಡೆಯ ಮೈಯೊಡನೆ ಮಾಡುವ ಕೋನದ ಟ್ಯಾಂಜೆಂಟಿನಿಂದ ಭಾಗಿಸಿದರೆ ನೆರಳಿನ ಉದ್ದ ದೊರೆಯುವುದು. ಆಳ 1 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಕೋನ 60 ಡಿಗ್ರಿಯಾದಾಗ ನೆರಳು 0.6 ಮಿಲಿಮೀಟರ್ ಮಾತ್ರ. 10 ಡಿಗ್ರಿಯಾದಾಗ 5.7 ಮಿಲಿಮೀಟರ್! ಆಗ ಗೆರೆಯೆಲ್ಲ ಕಪ್ಪಾಗಿ ಎದ್ದು ಕಾಣುವುದು.

ಆದುದರಿಂದ ಬಿಸಿಲು ಬಂಡೆಯನ್ನು ಸವರಿಕೊಂಡು ಹೋಗುವ ಹೊತ್ತನ್ನು ಕಾಯಬೇಕು. ಬಿಸಿಲು ತಾಗದ ಕಡೆ ಕನ್ನಡಿಯಿಂದ ಬೆಳಕನ್ನು ಓರೆಯಾಗಿ ಹಾಯಿಸಬಹುದು. ಬೆಳಕು ಬರುವ ದಿಕ್ಕಿಗೇ ಹರಿದ ಗೆರೆಗೆ ನೆರಳಿಲ್ಲ. ಅದಕ್ಕಾಗಿ ಬೇರೊಂದು ದಿಕ್ಕಿನ ಬೆಳಕಿನಲ್ಲಿ ಇನ್ನೊಂದು ಚಿತ್ರ ತೆಗೆಯಬೇಕು.

ಅಕ್ಷರಗಳಿಗೆ ಸೀಮೆಸುಣ್ಣ ತುಂಬುವುದು ಮಾತ್ರ ಸಲ್ಲದು. ಉಜ್ಜಿದಷ್ಟೂ ಕಲ್ಲು ಸವೆಯುವುದು. ಅಲ್ಲದೆ ಮಸಕಾದ ಗೆರೆಯನ್ನು ನಾವು ಊಹಿಸಿ ತಿದ್ದಿದರೆ, ಚಿತ್ರದಲ್ಲಿ ಉಳಿಯುವುದು ನಮ್ಮ ಊಹೆಯೇ ಹೊರತು ಶಾಸನವಲ್ಲ. ಬೆಳಕಾದರೋ ಕಲ್ಲನ್ನು ಸವೆಸದೆ, ಇದ್ದುದನ್ನು ಇದ್ದಂತೆಯೇ ತೋರಿಸುವುದು.